ಮಾತ್ರೆ ತಪ್ಪಿಸಿದ್ದಕ್ಕೇ ವೈರಸ್ ಬದಲಾಯಿತಾ?

ಮದ್ದೂರಿನ ಗೆಳೆಯರಿಗೆ ಮೈಸೂರಿನಿಂದ ನಮಸ್ಕಾರ.

ಎಚ್‌ಐವಿಗೆ ಔಷಧಿ ನಾಟದೆ ಹೋಗುವುದರ ಬಗ್ಗೆ ನೀವು ಬರೆದ ಲೇಖನ ಓದಿದೆ. ಈಗಿರುವಂತೆ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಎಚ್‌ಐವಿಗೆ ಔಷಧಿ ಕೊಡುವ ಮಂಡ್ಯದ ಎಆರ್‌ಟಿ ಕೇಂದ್ರದಲ್ಲಿ ಪರಿಚಯದವರು ಕಂಡಾರೆಂದು ಮುಖ ಮರೆಸಿಕೊಂಡು ಕೂತವರ ಬಗ್ಗೆ ಬರೆದ ಪುಟ ಮನಸ್ಸಿಗೆ ತಟ್ಟಿತು.

ಎಡವಿದ್ದು ನಡುವಿನಲ್ಲಿ. 'ಮಾತ್ರೆ ತಪ್ಪಿಸಿದರೆ ವೈರಸ್ ಔಷಧಿಯ ಗುಟ್ಟು ತಿಳಿದು ಬದಲಾಗುತ್ತದೆ' ಎಂದಿದ್ದೀರಿ. ವೈರಸ್ ಏನನ್ನೂ ತಿಳಿಯುವುದಿಲ್ಲ. ಅದರ ಆರ್‌ಎನ್‌ಎಯಲ್ಲಿ, ಅಂದರೆ ಅನುವಂಶಿಕ ಬರಹದಲ್ಲಿ, ಸುಮಾರು 9,700 ಅಕ್ಷರಗಳಿವೆ. ಅದನ್ನು ಡಿಎನ್‌ಎಗೆ ನಕಲು ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವಕ್ಕೆ ತಪ್ಪು ತಿದ್ದುವ ಶಕ್ತಿಯಿಲ್ಲ. ಚಿಕಿತ್ಸೆ ಪಡೆಯದವರ ಮೈಯಲ್ಲಿ ದಿನವೂ ನೂರಾರು ಕೋಟಿ ಹೊಸ ವೈರಸ್ ಹುಟ್ಟುತ್ತವೆ. ಅಷ್ಟರಲ್ಲಿ ಯಾವುದೋ ಒಂದರಲ್ಲಿ, ಈ ಕಿಣ್ವದ 184ನೇ ಜಾಗದಲ್ಲಿ ಮೆಥಿಯೊನೀನ್ ಎಂಬ ಅಮೈನೊ ಆಮ್ಲ ಹೋಗಿ ವ್ಯಾಲೀನ್ ಎಂಬ ಇನ್ನೊಂದು ಬಂದಿರುತ್ತದೆ. ಅಂಥ ವೈರಸ್ಸಿಗೆ ಲ್ಯಾಮಿವುಡಿನ್ ಎಂಬ ಔಷಧಿ ಸರಿಯಾಗಿ ನಾಟುವುದಿಲ್ಲ. ಅಂದರೆ ಬದಲಾವಣೆ ಔಷಧಿಗಿಂತ ಮೊದಲೇ ಅಲ್ಲಿದೆ. ಔಷಧಿ ಉಳಿದವನ್ನು ತಡೆಯುತ್ತದೆ, ಇದು ಹೆಚ್ಚುತ್ತದೆ.

1987ರಲ್ಲಿ ಬಂದ ಜಿಡೊವುಡಿನ್ ಒಂದನ್ನೇ ಕೊಟ್ಟಾಗ ಆಗಿದ್ದೂ ಇದೇ. 1996ರ ಹೊತ್ತಿಗೆ ಮೂರು ಔಷಧಿ ಸೇರಿಸಿ ಕೊಡತೊಡಗಿದರು. ಮೂರನ್ನೂ ದಾಟುವ ತಪ್ಪುಗಳು ಒಂದೇ ವೈರಸ್ಸಿನಲ್ಲಿ ಕೂಡಿಬರುವುದು ತೀರಾ ಅಪರೂಪ. ನಕಲು ನಿಂತರೆ ಹೊಸ ತಪ್ಪೂ ಹುಟ್ಟುವುದಿಲ್ಲ. ಮಾತ್ರೆ ತಪ್ಪಿದಾಗ ಈ ಕಾವಲು ಸಡಿಲವಾಗುತ್ತದೆ. ಮೂರರಲ್ಲೊಂದಾಗಿ ಎಫಾವಿರೆಂಜ್ ಎಂಬ ಔಷಧಿ ಕೊಡುತ್ತಿದ್ದ ಕಾಲದಲ್ಲಿ ಮೂರನ್ನೂ ಒಟ್ಟಿಗೆ ನಿಲ್ಲಿಸಿದರೂ ರಕ್ತದಲ್ಲಿ ಅದೊಂದೇ ಜಾಸ್ತಿ ದಿನ ಉಳಿಯುತ್ತಿತ್ತು. ಅದನ್ನು ಸೋಲಿಸಲು ವೈರಸ್ಸಿಗೆ ಒಂದೇ ಬದಲಾವಣೆ ಸಾಕಿತ್ತು. ಇದನ್ನು ಬರೆಯಿರಿ, ಓದುಗರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ನೀವು ಆಧಾರ ಮಾಡಿಕೊಂಡದ್ದು ಅಮೆರಿಕದಲ್ಲಿ ಹೆಚ್ಚಾಗಿರುವ, ಎಚ್‌ಐವಿಯ ಬಿ ಉಪವಿಧದ ಮಾಹಿತಿ. ನಮ್ಮಲ್ಲಿ ಹೆಚ್ಚಿರುವುದು ಸಿ. ಟೆನೊಫೊವಿರ್ ಎಂಬ ಔಷಧಿ ನಾಟದಂತೆ ಮಾಡುವ, ಅದೇ ಕಿಣ್ವದ 65ನೇ ಜಾಗದ ಬದಲಾವಣೆ ಸಿಯಲ್ಲಿ ಸುಲಭವಾಗಿ ಆಗುತ್ತದೆ. ಇದು ನಮ್ಮ ಓದುಗರ ವಿಷಯ ಅಲ್ವಾ? ಒಂದು ಪ್ಯಾರಾ ಆದರೂ ಕೊಡಿ.

'ಬೇಜವಾಬ್ದಾರಿ ರೋಗಿಗಳು' ಎಂಬ ಮಾತು ನನಗೆ ನೋವು ತಂದಿತು. ಕೆಲವರಿಗೆ ಸೋಂಕು ತಗಲುವಾಗಲೇ ಔಷಧಿಗೆ ಜಗ್ಗದ ವೈರಸ್ ಬಂದಿರುತ್ತದೆ. ಒಂದು ಮಾತ್ರೆಯನ್ನೂ ತಪ್ಪಿಸದವರನ್ನು ಸುಮ್ನೆ ಬೈದಂತಾಯಿತು. ಆ ಸಾಲು ತೆಗೆಯಿರಿ.

ಕೊನೆಯದಾಗಿ, ನಿಮ್ಮ ಲೇಖನದಲ್ಲಿ ಬರುವ, ಎಚ್‌ಐವಿ ಇರುವ ಹೆಂಗಸಿನ ಊರು, ಗಂಡನ ಕೆಲಸ, ಮಗಳ ಶಾಲೆ ಎಲ್ಲ ಬರೆದಿದ್ದೀರಿ. ಹೆಸರು ಬದಲಿಸಿದರೆ ಸಾಲದು, ಊರಿನವರಿಗೆ ತಕ್ಷಣ ಗೊತ್ತಾಗುತ್ತದೆ. ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿ ಹೊರಹಾಕುವುದನ್ನು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ತಡೆಯುತ್ತದೆ. ಆ ವಿವರಗಳನ್ನು ತೆಗೆದು, ಉಳಿದದ್ದನ್ನು ಅವರಿಗೇ ಓದಿ ಹೇಳಿ. ಅವರು ಒಪ್ಪಿದರೆ ಮಾತ್ರ ನನಗೆ ಕಳಿಸಿ.

ಸಂಪಾದಕ