ಸಂಪಾದಕರ ಉತ್ತರ: ನಾನು ಯಾವ ಮನೆ ಮಗಳು?

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಮೂರು ವರ್ಷದ ಮಗುವಾಗಿದ್ದಾಗ ಹೆತ್ತವರು ಇವರನ್ನು ಮಕ್ಕಳಿಲ್ಲದ ದೊಡ್ಡಮ್ಮ-ದೊಡ್ಡಪ್ಪನ ಮಡಿಲಿಗೆ ಹಾಕಿದರು. ನೆಂಟರೆಲ್ಲ ಸೇರಿದ್ದರು, ಊಟವಾಯಿತು, ಕಾಗದ ಪತ್ರ ಮಾತ್ರ ಆಗಲಿಲ್ಲ. ಈಗ ದೊಡ್ಡಪ್ಪ ವಿಲ್ ಬರೆಯದೆ ತೀರಿಕೊಂಡಿದ್ದಾರೆ. ಅವರು ತಾವೇ ದುಡಿದು ಕೊಂಡ ಕಾಫಿ ತೋಟ ಇದೆ. "ನೀನು ಸಾಕಿದವಳು, ನಿನಗೇನೂ ಬರಲ್ಲ" ಎಂದು ದೊಡ್ಡಪ್ಪನ ತಮ್ಮನ ಮಕ್ಕಳು ಹೇಳುತ್ತಾರೆ. ಹೆತ್ತ ಅಪ್ಪನೂ ಹೋದರು. ಆ ಮನೆಯಲ್ಲಿ ಅಣ್ಣ, "ನಿನ್ನನ್ನು ಕೊಟ್ಟಾಗಿದೆ, ಇಲ್ಲಿ ಪಾಲಿಲ್ಲ, ಪಾಲುಪತ್ರಕ್ಕೆ ಒಂದು ಸಹಿ ಹಾಕು" ಅನ್ನುತ್ತಾರೆ. ಇಬ್ಬರು ಅಮ್ಮಂದಿರೂ ಬದುಕಿದ್ದಾರೆ.

ಅಕ್ಕಾ, ನಿಮ್ಮ ಪತ್ರ ಓದಿ ತುಂಬಾ ಸಂಕಟವಾಯಿತು. ಮೊದಲಿಗೇ ಒಂದು ಮಾತು: ಆ ಸಹಿ ಈಗ ಹಾಕಬೇಡಿ.

ಎರಡು ಮನೆಯವರು ಹೇಳುವುದೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ದತ್ತು ಆಗಿದ್ದರೆ ನೀವು ದೊಡ್ಡಪ್ಪನ ಮಗಳು. ಆಗಿಲ್ಲದಿದ್ದರೆ ಹೆತ್ತಪ್ಪನ ಮಗಳು, ಅಲ್ಲಿ ಅಣ್ಣನಷ್ಟೇ ಹಕ್ಕು ನಿಮಗೂ ಇದೆ. ಎರಡೂ ಕಡೆ ಇಲ್ಲ ಅನ್ನಲು ಕಾನೂನಿನಲ್ಲಿ ಜಾಗವಿಲ್ಲ. ಹಾಗೆಯೇ ಎರಡೂ ಕಡೆ ಪಾಲು ಕೇಳಲೂ ಆಗುವುದಿಲ್ಲ. ಅಣ್ಣನ ಪಾಲುಪತ್ರದಲ್ಲಿ ಹೆತ್ತಪ್ಪನ ಹೆಸರು ಹೇಳಿ 'ಇಂಥವರ ಮಗಳು' ಎಂದು ಸಹಿ ಹಾಕಿದರೆ, ನಾಳೆ ದಾಯಾದಿಗಳು ಅದೇ ಕಾಗದವನ್ನು ಕೋರ್ಟಿನಲ್ಲಿ ನಿಮ್ಮ ಮುಂದೆ ಹಿಡಿಯುತ್ತಾರೆ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ದತ್ತು ಆಗಲು ನೋಂದಣಿ ಕಡ್ಡಾಯವಲ್ಲ. ದತ್ತ ಹೋಮವೂ ಕಡ್ಡಾಯವಲ್ಲ. ಕೊಡುವವರು ಮನಸಾರೆ ಕೊಟ್ಟಿರಬೇಕು, ತೆಗೆದುಕೊಳ್ಳುವವರು ಮನಸಾರೆ ತೆಗೆದುಕೊಂಡಿರಬೇಕು. ಹೆಂಡತಿಯರ ಒಪ್ಪಿಗೆ ಇರಬೇಕು, ಮಗುವಿಗೆ 15 ತುಂಬಿರಬಾರದು. ನೀವು ಬರೆದಿರುವುದು ನೋಡಿದರೆ ಇದೆಲ್ಲ ಆಗಿದೆ. ಒಮ್ಮೆ ಆದ ದತ್ತನ್ನು ಯಾರೂ ರದ್ದು ಮಾಡುವ ಹಾಗಿಲ್ಲ, ನೀವೂ ಬಿಟ್ಟು ತವರಿಗೆ ವಾಪಸ್ ಹೋಗುವ ಹಾಗಿಲ್ಲ. ದತ್ತಿಗೆ ಮೊದಲೇ ನಿಮ್ಮ ಹೆಸರಿಗೆ ಬಂದ ಆಸ್ತಿ ಏನಾದರೂ ಇದ್ದರೆ ಮಾತ್ರ ಅದು ನಿಮ್ಮದಾಗಿಯೇ ಉಳಿಯುತ್ತದೆ.

ಕಷ್ಟ ಇರುವುದು ಸಾಬೀತು ಮಾಡುವುದರಲ್ಲಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು ಯಾರದಿದೆ? ರೇಷನ್ ಕಾರ್ಡು, ಮದುವೆ ಕಾಗದ, ಹಳೆಯ ಫೋಟೋ ಎಲ್ಲ ಒಂದು ಕಡೆ ಸೇರಿಸಿ. ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ನಿಮ್ಮ ಹೆತ್ತಮ್ಮ. ಮಗಳನ್ನು ಕೊಟ್ಟ ಕೈ ಅವರದು. "ಕೊಟ್ಟದ್ದು ನಿಜ" ಎಂದು ಹೇಳಬಲ್ಲವರು ಇವತ್ತು ಇದ್ದಾರೆ, ಆ ಮಾತು ಇವತ್ತೇ ದಾಖಲಾಗಬೇಕು. ದತ್ತು ಘೋಷಣೆಗೆ ದಾವೆ ಹಾಕಿದರೆ, ವಯಸ್ಸಾದವರ ಹೇಳಿಕೆಯನ್ನು ಮನೆಗೇ ಬಂದು ಬರೆದುಕೊಳ್ಳಲು ಕೋರ್ಟು ಕಮಿಷನರನ್ನು ನೇಮಿಸಬಹುದು.

ಇನ್ನು ನಿಮ್ಮ ದಾಯಾದಿಗಳು ಮರೆತಿರುವ ಒಂದು ವಿಷಯ. ದೊಡ್ಡಪ್ಪನ ಸ್ವಂತ ತೋಟಕ್ಕೆ ಮೊದಲ ವಾರಸುದಾರರು ಹೆಂಡತಿ ಮತ್ತು ಮಕ್ಕಳು. ಇಬ್ಬರಿಗೂ ಸಮಪಾಲು; ದೊಡ್ಡಪ್ಪನ ತಾಯಿ ಬದುಕಿದ್ದರೆ ಅವರಿಗೂ ಅಷ್ಟೇ. ದತ್ತು ಸಾಬೀತಾಗದೆ ಹೋದರೂ ತೋಟ ಹೋಗುವುದು ದೊಡ್ಡಮ್ಮನಿಗೆ, ತಮ್ಮನ ಮಕ್ಕಳಿಗಲ್ಲ! ದೊಡ್ಡಮ್ಮ ಅದನ್ನು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ಅವರು ಬರೆಯದೆ ಹೋದರೆ, ನಿಮ್ಮ ದತ್ತೂ ನಿಲ್ಲದಿದ್ದರೆ, ಗಂಡನಿಂದ ಬಂದ ಆಸ್ತಿ ಗಂಡನ ಕಡೆಯವರಿಗೇ ತಿರುಗುತ್ತದೆ. ಅದಕ್ಕೇ ದಾವೆಗಿಂತ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೊಡ್ಡಮ್ಮನ ವಿಲ್ ನೋಂದಣಿಯಾಗಲಿ. ಅವರ ಮನಸ್ಸು ಹಾಗಿದ್ದರೆ ಮಾತ್ರ, ಒತ್ತಾಯ ಬೇಡ. ತೋಟದಲ್ಲಿ ಜಮ್ಮಾ ಜಾಗ (ಕೊಡಗಿನಲ್ಲಿ ಹಿಂದಿನಿಂದ ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಸೇರಿದ್ದರೆ ಅದರ ಲೆಕ್ಕ ಬೇರೆ, ಕಡತ ನೋಡಿದ ವಕೀಲರನ್ನೇ ಕೇಳಿ.

ಅಮ್ಮಂದಿರನ್ನು ನೋಡಿಕೊಳ್ಳುವುದು ಯಾರ ಹೊಣೆ ಅಂತಲೂ ಕೇಳಿದ್ದೀರಿ. ದತ್ತು ಮಗಳಾಗಿ ದೊಡ್ಡಮ್ಮ ನಿಮ್ಮ ಹೊಣೆ, ಇದರಲ್ಲಿ ಎರಡು ಮಾತಿಲ್ಲ. ಹೆತ್ತಮ್ಮನ ಹೊಣೆ ಮೊದಲು ಅಣ್ಣನದು. ಗಂಡನ ಆಸ್ತಿಯಲ್ಲಿ ಹೆತ್ತಮ್ಮನಿಗೂ ಮಗನಷ್ಟೇ ಪಾಲಿದೆ. ಆ ಪಾಲುಪತ್ರದಲ್ಲಿ ಅವರಿಂದಲೂ ಸುಮ್ನೆ ಸಹಿ ಹಾಕಿಸಿಕೊಂಡಿದ್ದಾರಾ, ದಯವಿಟ್ಟು ವಿಚಾರಿಸಿ. ನನಗೆ ನಿಮ್ಮ ಪಾಲಿಗಿಂತ ಅದರದ್ದೇ ಚಿಂತೆ ಜಾಸ್ತಿ. ಮಗ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅವರು ಉಪವಿಭಾಗಾಧಿಕಾರಿ ಬಳಿ ಜೀವನಾಂಶ ಕೇಳಬಹುದು. ನೀವು ಪ್ರೀತಿಯಿಂದ ಅವರನ್ನು ನೋಡಿಕೊಳ್ಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ನೆಂಟರ ಮಗುವನ್ನು ಈಗ ದತ್ತು ತೆಗೆದುಕೊಳ್ಳುವ ಹಿಂದೂ ಮನೆಯವರಿಗೂ ಹೇಳುತ್ತೇನೆ: ಕೊಟ್ಟವರು, ತೆಗೆದುಕೊಂಡವರು ಇಬ್ಬರೂ ಸಹಿ ಹಾಕಿ ಪತ್ರ ನೋಂದಾಯಿಸಿ. ಆಗ ದತ್ತು ಸರಿಯಾಗಿಯೇ ಆಗಿದೆ ಎಂದು ಕೋರ್ಟು ನಂಬಿ ಶುರು ಮಾಡುತ್ತದೆ, ಅಲ್ಲ ಅನ್ನುವವರೇ ಸಾಬೀತು ಮಾಡಬೇಕು.

ಅಕ್ಕಾ, ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಪಹಣಿ, ಶಾಲೆ ದಾಖಲೆ, ಇಬ್ಬರು ಅಪ್ಪಂದಿರ ಮರಣ ಪ್ರಮಾಣಪತ್ರ ಜೊತೆಗಿರಲಿ. ಅಣ್ಣ ಕೊಟ್ಟ ಪಾಲುಪತ್ರದ ಪ್ರತಿಯನ್ನೂ ಮರೆಯದೆ ತೆಗೆದುಕೊಂಡು ಹೋಗಿ.