ಹಳೆಯ ಜಪಾನಿ ಚಿತ್ರಗಳ ಬಗ್ಗೆ ಓದುಗರು ಕೇಳಿದ್ದು

ಪ್ರಶ್ನೆ: ಬಹಳ ಹೊಗಳಿಕೆ ಕೇಳಿ ‘ಟೋಕಿಯೊ ಸ್ಟೋರಿ’ ನೋಡಲು ಕುಳಿತೆ. ಅರ್ಧ ಗಂಟೆ ಕಳೆದರೂ ಏನೂ ನಡೆಯಲಿಲ್ಲ, ನಿಲ್ಲಿಸಿಬಿಟ್ಟೆ. ಎಪ್ಪತ್ತು ವರ್ಷ ಹಳೆಯ ಇಂಥ ಕಪ್ಪು-ಬಿಳುಪು ಚಿತ್ರಗಳ ಆಕರ್ಷಣೆ ನಿಜವಾದದ್ದೇ, ಅಥವಾ ವಿಮರ್ಶಕರು ಕಟ್ಟಿ ನಿಲ್ಲಿಸಿದ ಕೀರ್ತಿಯೇ? (ಓದುಗರೊಬ್ಬರು, ಧಾರವಾಡ)

ಉತ್ತರ: ವಿಮರ್ಶಕರ ಮಾತನ್ನು ಪಕ್ಕಕ್ಕಿಡೋಣ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 2012ರಲ್ಲಿ ಹಲವು ದೇಶಗಳ ನಿರ್ದೇಶಕರ ಮತ ಕೇಳಿದಾಗ, ಸಿನಿಮಾ ಮಾಡುವುದನ್ನೇ ಕಸುಬಾಗಿಸಿಕೊಂಡ ಅವರು ಮೊದಲ ಸ್ಥಾನ ಕೊಟ್ಟದ್ದು ಯಸುಜಿರೊ ಓಜು 1953ರಲ್ಲಿ ಮಾಡಿದ ಇದೇ ಚಿತ್ರಕ್ಕೆ. ಆದರೆ ಮತದಾನದ ಫಲಿತಾಂಶದಿಂದ ಯಾರಿಗೂ ಚಿತ್ರವೊಂದು ಹಿಡಿಸುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದ್ದರಿಂದ ನೀವು ‘ಏನೂ ನಡೆಯಲಿಲ್ಲ’ ಎಂದ ಭಾಗಕ್ಕೇ ಬರುತ್ತೇನೆ.

ಒನೊಮಿಚಿ ಎಂಬ ಸಮುದ್ರತೀರದ ಊರಿನ ವೃದ್ಧ ದಂಪತಿ ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ಬಂದಿದ್ದಾರೆ. ಹಿರಿಯ ಮಗ ನಗರದಂಚಿನ ಬಡಾವಣೆಯಲ್ಲಿ ವೈದ್ಯ. ಭಾನುವಾರ ಅಪ್ಪ-ಅಮ್ಮನನ್ನು ಊರು ತೋರಿಸಲು ಕರೆದೊಯ್ಯಬೇಕೆಂದು ಎಲ್ಲರೂ ಬಟ್ಟೆ ತೊಟ್ಟು ಸಿದ್ಧರಾಗಿರುವಾಗ ರೋಗಿಯೊಬ್ಬನ ಮನೆಯಿಂದ ಕರೆ ಬಂದು ಸುತ್ತಾಟ ರದ್ದಾಗುತ್ತದೆ, ಮೊಮ್ಮಗ ಮುನಿಸಿಕೊಳ್ಳುತ್ತಾನೆ. ಅಜ್ಜಿ ಕಿರಿಯ ಮೊಮ್ಮಗನನ್ನು ಹತ್ತಿರದ ಹುಲ್ಲುದಿಬ್ಬಕ್ಕೆ ಕರೆದೊಯ್ದು, ದೊಡ್ಡವನಾದ ಮೇಲೆ ಏನಾಗುತ್ತೀ, ಅಪ್ಪನಂತೆ ಡಾಕ್ಟರಾಗುತ್ತೀಯಾ ಎಂದು ಕೇಳುತ್ತಾಳೆ. ಹುಡುಗ ಹುಲ್ಲು ಕೀಳುವುದರಲ್ಲಿ ಮಗ್ನನಾಗಿ ಉತ್ತರ ಕೊಡುವುದಿಲ್ಲ. ನೀನು ಡಾಕ್ಟರಾಗುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ ಎಂದು ಆಕೆ ತನಗೆ ತಾನೇ ಅಂದುಕೊಳ್ಳುತ್ತಾಳೆ. ಸಂಗೀತ ಉಕ್ಕುವುದಿಲ್ಲ, ಮುಖವನ್ನು ಹತ್ತಿರದಿಂದ ತೋರಿಸಿ ಕಣ್ಣೀರು ಕರೆಯುವ ಪ್ರಯತ್ನವೂ ಇಲ್ಲ. ಆಕೆಯ ಸಾವು ಚಿತ್ರದ ಕೊನೆಯ ಭಾಗದಲ್ಲಿ ಬಂದಾಗ ನಮ್ಮನ್ನು ಕಲಕುವುದು, ಅದಕ್ಕೆ ಮುಂಚೆ ಏನೂ ನಡೆಯಲಿಲ್ಲವೆಂದು ನಾವು ದಾಟಿ ಬಂದ ಈ ಹುಲ್ಲುದಿಬ್ಬದ ನೆನಪು.

ಓಜು ಯಾವುದನ್ನು ತೋರಿಸದೆ ಬಿಡುತ್ತಾರೆಂಬುದನ್ನೂ ಗಮನಿಸಿ. ದಂಪತಿ ಊರಿನಲ್ಲಿ ಸಾಮಾನು ಕಟ್ಟುವುದನ್ನು ಕಾಣುತ್ತೇವೆ, ಅದಾದೊಡನೆ ಟೋಕಿಯೊದ ಹೊಗೆಗೊಳವೆಗಳನ್ನು ಕಾಣುತ್ತೇವೆ. ಮುಂದೆ ಹಿಂದಿರುಗುವ ರೈಲಿನಲ್ಲಿ ತಾಯಿಗೆ ಅಸ್ವಸ್ಥವಾದದ್ದನ್ನೂ ತೋರಿಸದೆ, ಒಸಾಕಾದಲ್ಲಿರುವ ಮಗ ಸಹೋದ್ಯೋಗಿಯೊಂದಿಗೆ ಆಡುವ ಮಾತಿನಲ್ಲಿ ನಮಗೆ ತಿಳಿಸುತ್ತಾರೆ. ಬೇರೆ ನಿರ್ದೇಶಕರು ಬಿಡಲೊಲ್ಲದ ಭಾವುಕ ಘಟ್ಟಗಳನ್ನೆಲ್ಲ ಹೀಗೆ ತೆಗೆದುಹಾಕಿ, ಅವುಗಳ ಹಿಂದುಮುಂದಿನ ಸಣ್ಣ ಮಾತುಗಳನ್ನು ಉಳಿಸಿಕೊಂಡದ್ದರಿಂದ, ನೋಡುವವರು ತಮ್ಮ ಮನೆಯ ನೆನಪುಗಳನ್ನು ತಂದು ಆ ಜಾಗವನ್ನು ತುಂಬಬೇಕಾಗುತ್ತದೆ. ಇಪ್ಪತ್ತರ ಹರೆಯದಲ್ಲಿ ಮಕ್ಕಳ ಪರವಾಗಿ ನೋಡಿದವರು ಐವತ್ತರಲ್ಲಿ ತಂದೆತಾಯಿಗಳ ಪರವಾಗಿ ನೋಡುತ್ತಾರೆ. ಆ ಮಕ್ಕಳನ್ನು ಓಜು ದುಷ್ಟರನ್ನಾಗಿ ಮಾಡಿಲ್ಲವೆಂಬುದು ನನಗೆ ಅವರ ಬಹು ದೊಡ್ಡ ಗುಣವಾಗಿ ಕಾಣುತ್ತದೆ. ಅಂತ್ಯಕ್ರಿಯೆ ಮುಗಿದ ಕೂಡಲೇ ತಾಯಿಯ ಕಿಮೊನೊ ತನಗಿರಲಿ ಎನ್ನುವ ಮಗಳೂ ಸ್ವಲ್ಪ ಹೊತ್ತಿನ ಹಿಂದಷ್ಟೇ ನಿಜವಾಗಿ ಅತ್ತಿದ್ದಳು. ಇನ್ನೊಮ್ಮೆ ನೋಡಿ, ಈ ಸಲ ನಿಲ್ಲಿಸಬೇಡಿ.

ಪ್ರಶ್ನೆ: ಓಜು ಚಿತ್ರಗಳಲ್ಲಿ ಕ್ಯಾಮೆರಾ ಅಷ್ಟು ಕೆಳಗಿರುವುದು ಜಪಾನೀಯರು ನೆಲದ ಮೇಲೆ ಕೂರುವುದರಿಂದಲೇ? (ಓದುಗರೊಬ್ಬರು, ಮೈಸೂರು)

ಉತ್ತರ: ಎಲ್ಲೆಡೆ ಹೇಳುವ ಈ ವಿವರಣೆ ಅರ್ಧ ಮಾತ್ರ ಸರಿ. ತತಾಮಿ ಚಾಪೆಯ ಮೇಲೆ ಕುಳಿತವರ ಕಣ್ಣಿಗಿಂತಲೂ ಕ್ಯಾಮೆರಾ ಅನೇಕ ಸಲ ಕೆಳಗಿರುತ್ತದೆ. ಮೇಲಾಗಿ ಕುರ್ಚಿ-ಮೇಜುಗಳಿರುವ ಕಚೇರಿ, ಮದ್ಯದಂಗಡಿ, ಆಸ್ಪತ್ರೆಯ ಹಜಾರಗಳಲ್ಲೂ ಅದು ಹಾಗೆಯೇ ಇರುತ್ತದೆ. ಇದು ಚೌಕಟ್ಟನ್ನು ಕಟ್ಟುವ ಕ್ರಮ. ಛಾಯಾಗ್ರಾಹಕ ಯುಹಾರು ಅತ್ಸುತಾ ಅವರೊಂದಿಗೆ ಬಹುಮಟ್ಟಿಗೆ 50 ಎಂಎಂ ಲೆನ್ಸ್ ಒಂದನ್ನೇ ಬಳಸಿ, ಕೆಳಗಿನಿಂದ ನೋಡಿದಾಗ ಜಾರುಬಾಗಿಲುಗಳು, ಕಂಬಗಳು, ಒಂದರ ಹಿಂದೊಂದು ಕೋಣೆಗಳು ಗೆರೆಗಳಾಗಿ ಹೊಂದಿಕೊಳ್ಳುವುದನ್ನು ಅವರು ಅಳೆದು ಅಳೆದು ಇಡುತ್ತಿದ್ದರು. ಮಾತನಾಡುವವರು ಹೆಚ್ಚುಕಡಿಮೆ ಲೆನ್ಸನ್ನೇ ನೋಡುವುದರಿಂದ ಸಂಭಾಷಣೆಯ ನಡುವೆ ನಮ್ಮನ್ನೇ ಕೂರಿಸಿದಂತಾಗುತ್ತದೆ.

ಪ್ರಶ್ನೆ: ಇಷ್ಟೊಂದು ದೊಡ್ಡ ನಿರ್ದೇಶಕರು 1950ರ ದಶಕದಲ್ಲೇ ಒಟ್ಟಿಗೆ ಹೇಗೆ ಕಾಣಿಸಿಕೊಂಡರು? (ಓದುಗರೊಬ್ಬರು, ಮಂಗಳೂರು)

ಉತ್ತರ: ಅವರು ಆಗ ಹುಟ್ಟಿಕೊಂಡವರಲ್ಲ, ಜಗತ್ತು ಅವರನ್ನು ಕಂಡದ್ದು ಆಗ. ಕೆಂಜಿ ಮಿಜೊಗುಚಿ 1923ರಿಂದ, ಓಜು 1927ರಿಂದ ಚಿತ್ರ ನಿರ್ದೇಶಿಸುತ್ತಿದ್ದರು. ಶೋಚಿಕು, ತೋಹೊ, ದೈಯೆ ಮೊದಲಾದ ಸ್ಟುಡಿಯೊಗಳಲ್ಲಿ ನಿರ್ದೇಶಕರಾಗಬೇಕೆಂದವರು ವರ್ಷಗಟ್ಟಲೆ ಸಹಾಯಕರಾಗಿ ದುಡಿಯಬೇಕಿತ್ತು. ಅಕಿರಾ ಕುರೊಸಾವಾ ಕೂಡ ಕಜಿರೊ ಯಮಮೊತೊ ಅವರ ಕೈಕೆಳಗೆ ಹಾಗೆಯೇ ಪಳಗಿದವರು. ಒಂದೇ ಸ್ಟುಡಿಯೊದ ಬರಹಗಾರರು, ಛಾಯಾಗ್ರಾಹಕರು, ನಟರು ದಶಕಗಳ ಕಾಲ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಯುದ್ಧಾನಂತರ ಅಮೆರಿಕದ ಆಡಳಿತವು ಊಳಿಗಮಾನ್ಯ ಮೌಲ್ಯಗಳನ್ನು ಎತ್ತಿಹಿಡಿಯುತ್ತವೆಂದು ಸಮುರಾಯ್ ಕಥೆಗಳನ್ನು ತಡೆಹಿಡಿದಿತ್ತು. ಕುರೊಸಾವಾ 1945ರಲ್ಲೇ ಮುಗಿಸಿದ್ದ ಚಿತ್ರವೊಂದು ತೆರೆಕಂಡದ್ದು 1952ರಲ್ಲಿ, ಆ ಆಡಳಿತ ಕೊನೆಗೊಂಡ ವರ್ಷ. ಅದಾದ ಮೇಲೆ ಕಟ್ಟಳೆಯೂ ಇಲ್ಲ, ಪ್ರೇಕ್ಷಕರಿಗೂ ಕೊರತೆಯಿಲ್ಲ. 1958ರಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ 112 ಕೋಟಿಗೂ ಹೆಚ್ಚು ಟಿಕೆಟುಗಳು ಮಾರಾಟವಾದವು. ಮನೆಮನೆಗೆ ಟಿ.ವಿ. ಬಂದಂತೆ ಆ ಸಂಖ್ಯೆ ಕುಸಿಯಿತು, ಸ್ಟುಡಿಯೊಗಳ ಆ ಗರಡಿಯೂ ಕ್ರಮೇಣ ಮುಚ್ಚಿತು.

ಪ್ರಶ್ನೆ: ಕುರೊಸಾವಾ ಪಾಶ್ಚಾತ್ಯರಿಗಾಗಿ ಚಿತ್ರ ಮಾಡಿದವರು, ‘ನಿಜವಾದ ಜಪಾನ್’ ಓಜು ಚಿತ್ರಗಳಲ್ಲಿದೆ ಎನ್ನುತ್ತಾರೆ. ಸರಿಯೇ? ಕನ್ನಡ ಚಿತ್ರಗಳ ಮೇಲೆ ಅವರ ಪ್ರಭಾವವಿದೆಯೇ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಈ ಮಾತು ನನಗೆ ಒಪ್ಪಿಗೆಯಿಲ್ಲ. 1951ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಸ್ವರ್ಣ ಸಿಂಹ ಗೆದ್ದು ಜಪಾನಿ ಸಿನಿಮಾಕ್ಕೆ ಜಗತ್ತಿನ ಬಾಗಿಲು ತೆರೆದ ‘ರಾಶೊಮನ್’, ರ್ಯುನೊಸುಕೆ ಅಕುತಗಾವಾ ಅವರ ಕಥೆಗಳನ್ನು ಆಧರಿಸಿ ಜಪಾನಿನ ಪ್ರೇಕ್ಷಕರಿಗೆಂದೇ ಮಾಡಿದ ಚಿತ್ರ. ಅದನ್ನು ವೆನಿಸ್‌ಗೆ ಶಿಫಾರಸು ಮಾಡಿದವರು ಟೋಕಿಯೊದಲ್ಲಿದ್ದ ಇಟಲಿಯ ವಿದುಷಿ ಜೂಲಿಯಾನಾ ಸ್ತ್ರಾಮಿಜಿಯೊಲಿ. ‘ಮ್ಯಾಕ್‌ಬೆತ್’ ನಾಟಕವನ್ನು 1957ರಲ್ಲಿ ‘ಥ್ರೋನ್ ಆಫ್ ಬ್ಲಡ್’ ಮಾಡಿದಾಗ ಕುರೊಸಾವಾ ನಟಿ ಇಸುಜು ಯಮಡಾ ಅವರ ಮುಖವನ್ನು ಜಪಾನಿನ ಸಾಂಪ್ರದಾಯಿಕ ‘ನೋ’ ರಂಗಭೂಮಿಯ ಮುಖವಾಡದಂತೆ ನಿಶ್ಚಲವಾಗಿಸಿದರು. ಅದರಲ್ಲಿ ಪಾಶ್ಚಾತ್ಯವಾದದ್ದು ಕಥೆಯೊಂದೇ. ವಾಸ್ತವವಾಗಿ ಕೊಡು-ಕೊಳ್ಳುವಿಕೆ ಎರಡೂ ಕಡೆ ನಡೆದಿದೆ: ‘ಸೆವೆನ್ ಸಮುರಾಯ್’ (1954) ಹಾಲಿವುಡ್‌ನಲ್ಲಿ ಕೌಬಾಯ್ ಚಿತ್ರವಾಯಿತು, ಓಜು ಅವರ ‘ಟೋಕಿಯೊ ಸ್ಟೋರಿ’ಯ ಹಿಂದೆ 1937ರ ಅಮೆರಿಕನ್ ಚಿತ್ರವೊಂದರ ಪ್ರೇರಣೆಯಿದೆ.

ಕುರೊಸಾವಾ ಅವರ ಸಾಹಸದೃಶ್ಯಗಳನ್ನಷ್ಟೇ ಹೊಗಳಿ ‘ಇಕಿರು’ (1952) ಮರೆಯುವುದು ನನಗೆ ಬೇಸರದ ಸಂಗತಿ. ಕಡತಗಳ ನಡುವೆ ಮೂವತ್ತು ವರ್ಷ ಸವೆಸಿದ ನಗರಸಭೆಯ ಅಧಿಕಾರಿಯೊಬ್ಬನಿಗೆ ಹೊಟ್ಟೆಯ ಕ್ಯಾನ್ಸರ್ ಇರುವುದು ತಿಳಿಯುತ್ತದೆ. ಸಾಯುವ ಮುನ್ನ ಮಕ್ಕಳಿಗೊಂದು ಉದ್ಯಾನ ಕಟ್ಟಿಸಬೇಕೆಂದು ಹೊರಡುತ್ತಾನೆ. ಇನ್ನು ಹೋರಾಟ ನೋಡುತ್ತೇವೆ ಎಂದುಕೊಳ್ಳುವಷ್ಟರಲ್ಲಿ ಅವನು ಸತ್ತಿದ್ದಾನೆ. ಶವಸಂಸ್ಕಾರದ ಮುನ್ನಾರಾತ್ರಿ ನೆರೆದ ಸಹೋದ್ಯೋಗಿಗಳು ಕುಡಿಯುತ್ತಾ, ಅವನ ಶ್ರೇಯಸ್ಸನ್ನು ಹಂಚಿಕೊಳ್ಳಲು ಹವಣಿಸುತ್ತಾ, ತುಣುಕು ತುಣುಕಾಗಿ ನೆನಪಿಸಿಕೊಳ್ಳುವುದರಿಂದಲೇ ಆ ಹೋರಾಟ ನಮಗೆ ತಿಳಿಯುತ್ತದೆ. ಬಿಟ್ಟು ಹೇಳುವ ಕಲೆಯಲ್ಲಿ ಕುರೊಸಾವಾ ಓಜುವಿಗೆ ಇಲ್ಲಿ ಸರಿಸಮ ನಿಲ್ಲುತ್ತಾರೆ.

ಕನ್ನಡದ ನಂಟು ಗಟ್ಟಿಯಾದದ್ದೇ. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರೇರಣೆಯಿಂದ ಬಂದದ್ದು. ಕೂಲಿಗೆ ಕತ್ತಿ ಹಿಡಿಯುವ ಯೋಧನನ್ನು ನಡುಗಾಲದ ಕರ್ನಾಟಕದಲ್ಲಿ ನಿಲ್ಲಿಸಿ, ಶಂಕರ್ ನಾಗ್ ಅವರನ್ನು ಅದು ಪರಿಚಯಿಸಿತು. ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿನಿಂದ ಕಾಣಿಸುವ ‘ಉಳಿದವರು ಕಂಡಂತೆ’ (2014) ಬಂದಾಗ ‘ರಾಶೊಮನ್’ ಹೆಸರು ಮತ್ತೆ ಚರ್ಚೆಗೆ ಬಂತು.

ಪ್ರಶ್ನೆ: ಮಿಜೊಗುಚಿ ಚಿತ್ರಗಳಲ್ಲಿ ಹೆಣ್ಣು ಸದಾ ಸಂಕಟಪಡುತ್ತಾಳೆ. ಇದನ್ನು ಸ್ತ್ರೀಪರ ಎನ್ನಬಹುದೇ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಮಿಜೊಗುಚಿಯ ಮನೆಯವರು ಬಡತನದಿಂದ ಅವರ ಅಕ್ಕನನ್ನು ದತ್ತು ಕೊಟ್ಟಿದ್ದರು, ಆಕೆ ಗೇಶಾ (ಹಾಡು-ನೃತ್ಯಗಳಿಂದ ಅತಿಥಿಗಳನ್ನು ರಂಜಿಸುವ ವೃತ್ತಿಯವಳು) ಆದಳು, ಮುಂದೆ ತಮ್ಮನಿಗೆ ಆಸರೆಯಾದಳು. ಆ ಋಣದ ಭಾರ ಅವರ ಚಿತ್ರಗಳಲ್ಲೆಲ್ಲ ಇದೆ, ಆದರೆ ಗಂಡಿಗೆ ತಿಳಿವಳಿಕೆ ಬರಲೆಂದು ಹೆಣ್ಣು ತೆರುವ ಬೆಲೆ ಕೆಲವೊಮ್ಮೆ ಅತಿಯಾಗುತ್ತದೆ. ‘ಉಗೆತ್ಸು’ (1953) ಕೊನೆಯಲ್ಲಿ ಕುಂಬಾರ ಗೆಂಜುರೊ ಹೆಂಡತಿಯನ್ನು ಕೂಗುತ್ತಾ ಖಾಲಿ ಮನೆಯೊಳಗೆ ಬರುತ್ತಾನೆ, ಒಲೆ ಆರಿದೆ. ಅವನು ಹಿಂದಿನಿಂದ ಹೊರಬಿದ್ದು ಮನೆಯನ್ನು ಸುತ್ತುವಾಗ ಕಜುವೊ ಮಿಯಾಗಾವಾ ಅವರ ಕ್ಯಾಮೆರಾ ಒಳಗೇ ತಿರುಗುತ್ತದೆ. ಅವನು ಮತ್ತೆ ಬಾಗಿಲಿಗೆ ಬರುವಷ್ಟರಲ್ಲಿ, ನಡುವೆ ಎಲ್ಲೂ ಕತ್ತರಿಸದೆ, ಒಲೆ ಉರಿಯುತ್ತಿದೆ, ಹೆಂಡತಿ ಅಲ್ಲಿ ಕುಳಿತಿದ್ದಾಳೆ. ಆಕೆ ಸತ್ತಿರುವುದು ಗಂಡನಿಗೆ ಗೊತ್ತಿಲ್ಲ, ನಮಗೆ ಗೊತ್ತಿದೆ. ಅಂಥ ಗಂಡನಿಗಾಗಿ ಆಕೆ ಸತ್ತ ಮೇಲೂ ಒಲೆ ಹೊತ್ತಿಸಬೇಕೇ ಎಂಬ ಸಿಟ್ಟು ನನಗೆ ಬರುತ್ತದೆ, ಆದರೂ ಇಷ್ಟು ಸರಳವಾಗಿ ಭೂತವೊಂದನ್ನು ತೆರೆಗೆ ತಂದ ದೃಶ್ಯ ಇನ್ನೊಂದನ್ನು ನಾನು ಕಂಡಿಲ್ಲ. ಪುರುಷರ ಪಾಠಕ್ಕೆ ಹೆಣ್ಣನ್ನು ಬಳಸದ ಚಿತ್ರ ಬೇಕಿದ್ದರೆ ‘ದಿ ಲೈಫ್ ಆಫ್ ಒಹಾರು’ (1952) ನೋಡಿ.

ಪ್ರಶ್ನೆ: ಹೊಸಬರು ಯಾವ ಚಿತ್ರದಿಂದ ಶುರುಮಾಡಬೇಕು? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ‘ರಾಶೊಮನ್’ ಒಂದೂವರೆ ಗಂಟೆಯಷ್ಟೇ ಇರುವುದರಿಂದ ಅಲ್ಲಿಂದ ಶುರುಮಾಡಿ, ‘ಇಕಿರು’, ‘ಉಗೆತ್ಸು’ ದಾಟಿ ಓಜುವಿಗೆ ಬನ್ನಿ. ಡಬ್ಬಿಂಗ್ ಬೇಡ, ಉಪಶೀರ್ಷಿಕೆಗಳೊಂದಿಗೆ ಮೂಲ ಧ್ವನಿಯಲ್ಲೇ ನೋಡಿ. ಓಜುವಿನ ನೆಚ್ಚಿನ ನಟ ಚಿಶು ರ್ಯು ಅವರ ಸಣ್ಣ ಹೂಂಗುಟ್ಟುವಿಕೆಯಲ್ಲೇ ಅರ್ಧ ಅಭಿನಯವಿದೆ. ‘ಸೆವೆನ್ ಸಮುರಾಯ್’ 207 ನಿಮಿಷಗಳ ಚಿತ್ರ. ಅದರೊಳಗೇ ಮಧ್ಯಂತರವಿದೆ, ಸಮಯ ಸಾಲದವರು ಅಲ್ಲಿಗೆ ನಿಲ್ಲಿಸಿ ಉಳಿದದ್ದನ್ನು ಮರುದಿನ ನೋಡಬಹುದು.