ತೀರ್ಥಹಳ್ಳಿಯಿಂದ ಮಗಳನ್ನು ನೋಡಲು ಜರ್ಮನಿಗೆ ಹೊರಟ ಹಿರಿಯರಿಗೆ ಅಲ್ಲಿ ಕಾಯಿಲೆಯಾದರೆ ಏನು ಮಾಡಬೇಕು?

ಜರ್ಮನಿಯಲ್ಲೂ ತುರ್ತು ಸಂಖ್ಯೆ ನಮ್ಮಲ್ಲಿರುವಂತೆಯೇ 112. ಜೀವಕ್ಕೆ ಅಪಾಯವಿಲ್ಲದ, ಆದರೆ ಬೆಳಗಿನವರೆಗೆ ಕಾಯಲಾಗದ ತೊಂದರೆಗೆ 116117 ಇದೆ. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯವಾದ್ದರಿಂದ ಪಾಲಿಸಿಯಂತೂ ಕೈಯಲ್ಲಿರುತ್ತದೆ. ಆದರೆ ಮೊದಲಿನಿಂದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದಾಗುವ ಖರ್ಚನ್ನು ಅನೇಕ ಪಾಲಿಸಿಗಳು ಹೊರಗಿಡುವುದರಿಂದ, ಕಂತು ಎಷ್ಟೆಂದು ಕೇಳುವ ಮೊದಲು ಆ ಷರತ್ತನ್ನು ಓದುವುದೇ ಮೇಲು. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ವಿಮಾ ಕಂಪನಿಯ ಸಹಾಯವಾಣಿಗೆ ಕೂಡಲೇ ತಿಳಿಸಬೇಕು. ರಾಯಭಾರ ಕಚೇರಿ ಸಂಪರ್ಕಕ್ಕೆ ನೆರವಾಗುತ್ತದೆಯೇ ಹೊರತು ಸಾಮಾನ್ಯವಾಗಿ ಬಿಲ್ ಕಟ್ಟುವುದಿಲ್ಲ.

ನಮ್ಮ ಮಾತ್ರೆಗಳ ಬ್ರ್ಯಾಂಡ್ ಹೆಸರು ಅಲ್ಲಿನ ಔಷಧಿ ಅಂಗಡಿಯಲ್ಲಿ ತಿಳಿಯದೇ ಇರಬಹುದಾದ್ದರಿಂದ, ಔಷಧದ ಮೂಲ ಹೆಸರು ಮತ್ತು ಪ್ರಮಾಣವನ್ನು ಊರಿನ ವೈದ್ಯರಿಂದ ಇಂಗ್ಲಿಷಿನಲ್ಲಿ ಬರೆಸಿಕೊಂಡು, ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಮಲೆನಾಡಿನವರು ಮರೆಯಬಾರದ ಮಾತೊಂದಿದೆ. ತೋಟ, ಕಾಡು ಸುತ್ತಿ ಹೊರಟವರಿಗೆ ಅಲ್ಲಿ ಇಳಿದ ಕೆಲವೇ ದಿನಗಳಲ್ಲಿ ತೀವ್ರ ಜ್ವರ ಬಂದರೆ, ಉಣ್ಣೆ (ಉಣುಗು ಹುಳ) ಕಚ್ಚಿರಬಹುದೆಂದು ತಾವಾಗಿಯೇ ಹೇಳಬೇಕು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ, ಉಣ್ಣೆ ಕಡಿತದಿಂದ ಹರಡುವ ಮಂಗನ ಕಾಯಿಲೆಯನ್ನು ಜರ್ಮನಿಯ ವೈದ್ಯರು ತಾವಾಗಿ ಊಹಿಸುವ ಸಂಭವ ಕಡಿಮೆ.